ಕಾರಿನ ಆಯಿಲ್ ಕುಡಿದ ಬೈಕು

ಕಂತು ಒಂಬತ್ತು

ಶಟರ್ ಬಿತ್ತು.

ಮೆಲ್ಲಗೆ ಇಳಿಯಲಿಲ್ಲ. ಗಡಗಡ ಅಂತ ಒಂದೇ ಉಸಿರಿಗೆ ಬಂದು ನೆಲಕ್ಕೆ ಅಪ್ಪಳಿಸಿತು. ಗುಬ್ಬಿಯಿಂದ ಚೇಳೂರಿಗೆ ಹೋಗುವ ರಸ್ತೆಯ ಪಕ್ಕದ ಆ ತಗಡಿನ ಶೆಡ್ಡಿನಲ್ಲಿ, ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಎರಡೂ ಕಾಲಿಗೇ ಕತ್ತಲಾಯಿತು.

ತಿಮ್ಮೇಶ ಟಾರ್ಪಾಲಿನ ಅಡಿಯಲ್ಲಿ, ಒಂದು ಕಪ್ಪು ಬೈಕಿನ ಪಕ್ಕ ಮಂಡಿಯೂರಿ ಕೂತಿದ್ದ. ಬಾಯಲ್ಲಿ ಮೊಬೈಲು. ಟಾರ್ಚ್ ಹಿಡಿಯಲು ಮೂರನೇ ಕೈ ಇಲ್ಲದವರು ಇನ್ನೇನು ಮಾಡಬೇಕು? ಎಡಗೈಯಲ್ಲಿ ಇಂಜಿನ್ನಿನ ಆಯಿಲ್ ಮುಚ್ಚಳ, ಬಲಗೈಯ ಎರಡು ಬೆರಳಿನ ನಡುವೆ ಒಂದು ಹನಿ ಆಯಿಲ್.

ಆ ಒಂದು ಹನಿಗಾಗಿಯೇ ಅವನು ಕಳ್ಳನ ಹಾಗೆ ನುಗ್ಗಿದ್ದು. ಅವನ ಗೆಳೆಯ, ಬಟವಾಡಿಯ ಮೆಕ್ಯಾನಿಕ್ ಉಮೇರ್, ಸರ್ವಿಸಿಗೆ ಬಂದಿದ್ದ ಈ ಬೈಕನ್ನು ಓಡಿಸಿಕೊಂಡು ಹೋಗಿ ಅಮೃತೂರು ರಸ್ತೆಯಲ್ಲಿ ಕರಿಸಿದ್ದಪ್ಪ ಎಂಬ ಮುದುಕರಿಗೆ ಗುದ್ದಿ ಪರಾರಿಯಾದ ಅಂತ ಹನ್ನೊಂದು ದಿನದಿಂದ ಒಳಗಿದ್ದಾನೆ.

ತಿಮ್ಮೇಶ ಹನಿಯನ್ನು ಇನ್ನೊಮ್ಮೆ ಉಜ್ಜಿದ. ತೆಳ್ಳಗೆ. ನೀರಿನಷ್ಟು ತೆಳ್ಳಗೆ.

ಬಟವಾಡಿಯ ಆಯಿಲ್ ಅಂಗಡಿಯ ಕೌಂಟರಿನಲ್ಲಿ ಆರು ವರ್ಷ ನಿಂತವನು ಅವನು. ಕಣ್ಣಿಗೆ ಬಟ್ಟೆ ಕಟ್ಟಿ ಬೆರಳಿಗೆ ಆಯಿಲ್ ಹಚ್ಚಿ, ಬೈಕಿನದೋ ಕಾರಿನದೋ ಟ್ರ್ಯಾಕ್ಟರಿನದೋ ಹೇಳುತ್ತಾನೆ. ಈ ಬೈಕಿಗೆಂದು ಉಮೇರನಿಗೆ ಕ್ಯಾನು ಕೊಟ್ಟವನೂ ಅವನೇ. ಇಪ್ಪತ್ತು ಐವತ್ತು ಗ್ರೇಡು. ಗಟ್ಟಿ ಆಯಿಲ್. ಇದು ಅದಲ್ಲ.

ಉಮೇರ್ ಹಾಕಿದ್ದು ಇದಲ್ಲ ಅಂದಮೇಲೆ, ಉಮೇರನ ಕೈಬಿಟ್ಟ ಮೇಲೆ ಯಾರೋ ಇದರ ಆಯಿಲ್ ಬದಲಾಯಿಸಿದ್ದಾರೆ. ನಾಳೆ ಹನ್ನೊಂದು ಗಂಟೆಗೆ ಬೇಲ್ ಅರ್ಜಿ. ಈ ಇಂಜಿನ್ನಿನಲ್ಲಿ ಇರೋ ಆಯಿಲ್ ನಾಳೆಯವರೆಗೆ ಹೀಗೇ ಇದ್ದರೆ ಉಮೇರ್ ಹೊರಗೆ. ಯಾರಾದರೂ ಕೆಳಗಿನ ಬೋಲ್ಟು ಬಿಚ್ಚಿ ಸುರಿದರೆ, ಮುಗೀತು ಕಥೆ.

"ಯಾರ್ಲಾ ಅದು?"

ದನಿ ಹೊರಗಿನದಲ್ಲ. ಶೆಡ್ಡಿನ ಒಳಗಿನದು.

ಸಿನಿಮಾದಲ್ಲಾದರೆ ಇಂಥ ಕಡೆ ಇಂಟರ್ವಲ್ ಬೋರ್ಡ್ ಬಿದ್ದು ಜನ ಪಾಪ್‌ಕಾರ್ನಿಗೆ ಎದ್ದುಹೋಗಬೇಕು. ಇಲ್ಲಿ ಎದ್ದುಹೋಗುವ ದಾರಿಯೇ ಇರಲಿಲ್ಲ.

ಮೂಲೆಯಲ್ಲಿದ್ದ ಹಳೇ ವ್ಯಾನಿನ ಸೀಟಿನ ಮೇಲಿಂದ ಒಂದು ಆಕೃತಿ ಎದ್ದಿತು. ಎದ್ದಿತು, ಇನ್ನೂ ಎದ್ದಿತು, ಎದ್ದು ಮುಗಿಯಲೇ ಇಲ್ಲ. ಶಿವರಾಜ್. ಬೈಕಿನ ಓನರ್, ಈ ವಾಟರ್ ಸರ್ವಿಸ್ ಶೆಡ್ಡಿನ ಓನರ್, ಉಮೇರನ ಮೇಲೆ ಹೇಳಿಕೆ ಕೊಟ್ಟ ಸಾಕ್ಷಿ. ಇವತ್ತು ಕುಣಿಗಲ್ಲಿಗೆ ಹೋಗಿರಬೇಕಾದ ಮನುಷ್ಯ.

ತಿಮ್ಮೇಶ ಬಾಯಿಂದ ಮೊಬೈಲು ತೆಗೆದು ಜೇಬಿಗಿಟ್ಟು, ಟಾರ್ಪಾಲ್ ಸರಿಸಿ ನಿಂತ. ಭಯ ಆದಾಗ ಅವನ ಬಾಯಿಗೆ ಮಾತಲ್ಲ, ಡೈಲಾಗ್ ಬರುತ್ತದೆ. ಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಕೋಲೆತ್ತಿದಾಗಲೂ ಹೀಗೇ ಆಗಿ ಎರಡು ಏಟು ಜಾಸ್ತಿ ತಿಂದಿದ್ದ.

"ಈ ತಿಮ್ಮೇಶ ಬಾಗ್ಲಲ್ಲಿ ಬಂದ್ರೆ ಅತಿಥಿ! ಶಟರ್ ಕೆಳ್ಗೆ ನುಗ್ಗಿ ಬಂದ್ರೆ..."

"ಬಂದ್ರೆ?"

"...ತಿಥಿ," ಅಂದ. ಆ ಕೊನೆಯ ಪದಕ್ಕೆ ದನಿ ಕೀರಲಾಯಿತು.

"ಯಾರ್ದು?" ಅಂತ ಕೇಳಿ, ಶಿವರಾಜ್ ಗೋಡೆಯ ಸ್ವಿಚ್ ಒತ್ತಿದ. ಪಂಪು ಹೂಂಕರಿಸಿತು. ಬೈಕು ತೊಳೆಯುವ ನೀರಿನ ಗನ್ನು ಅವನ ಕೈಯಲ್ಲಿತ್ತು. ಅದರಿಂದ ಹೊರಟ ನೀರು ತಿಮ್ಮೇಶನ ಎದೆಗೆ ಬಡಿದು ಅವನನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ನೂಕಿತು.

"ಅಣ್ಣ! ಅಣ್ಣ! ಬೈಕಿಗ್ ಬಿಡ್ಬೇಡ! ಆಯಿಲ್ ಮುಚ್ಚಳ ತೆಗ್ದಿದೀನಿ, ಇಂಜಿನ್ ಒಳಿಕ್ಕೆ ನೀರ್ ಹೋಯ್ತದೆ!"

ತಿಮ್ಮೇಶ ಓಡಿಹೋಗಿ ಆ ತೂತಿಗೆ ಅಂಗೈ ಒತ್ತಿ, ಬೈಕನ್ನು ತಬ್ಬಿಕೊಂಡು ಬೆನ್ನು ಕೊಟ್ಟ. ನೀರು ಬೆನ್ನಿಗೆ ಬಿತ್ತು. ಆಮೇಲೆ ನಿಂತಿತು.

ಶಿವರಾಜನಿಗೆ ಮನುಷ್ಯರ ಮೇಲೆ ಕರುಣೆ ಎಷ್ಟಿತ್ತೋ ಗೊತ್ತಿಲ್ಲ, ತನ್ನ ಬೈಕಿನ ಮೇಲೆ ಪ್ರಾಣವಿತ್ತು.

"ಮುಚ್ಚಳ ಹಾಕ್ಲಾ ಮೊದ್ಲು!"

ಹಾಕಿದ. ಎರಡು ಸಲ ತಿರುವಿ ಬಿಗಿ ಮಾಡಿದ. ಆಗ ಶಿವರಾಜ್ ಹತ್ತಿರ ಬಂದು ಮುಖ ನೋಡಿದ.

"ನೀನು ಆ ಉಮೇರನ ಚೇಲ ಅಲ್ವೇನ್ಲಾ? ಆಯಿಲ್ ಅಂಗ್ಡಿಯೋನು. ಪಾರ್ಟ್ಸ್ ಕದಿಯಾಕ್ ಬಂದ್ಯಾ?"

"ಪಾರ್ಟ್ಸ್ ಕದಿಯೋನು ಎರಡೆರಡು ಚಕ್ರ ಬಿಟ್ಟು ಒಂದ್ ಹನಿ ಆಯಿಲ್ ಕದಿತಾನೇನಣ್ಣ?"

"ಮತ್ತೆ ಶಟರ್ ಯಾಕ್ಲಾ ಎಳ್ದೆ?"

"ನಾನೆಲ್ಲಿ ಎಳ್ದೆ? ನೀನೇ ಎಳ್ದು ನನ್ನ ಕೂಡಾಕಿದ್ದು!"

"ನಾನ್ ನಿದ್ದೆ ಮಾಡ್ತಿದ್ದೆ ಕಣ್ಲಾ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರೂ ಎದುರಿಗಿದ್ದವನು ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡರು. ಆ ಗಳಿಗೆಯಲ್ಲಿ ಶಟರಿನ ಹತ್ತಿರ ಹೋಗಿ ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ತಿಮ್ಮೇಶ ಮುಖದ ನೀರು ಒರೆಸಿಕೊಂಡ. ಸಿಕ್ಕಿಬಿದ್ದಾಗಿದೆ. ಇನ್ನು ಮುಚ್ಚಿಡುವುದೇನು?

"ಶಿವರಾಜಣ್ಣ, ಉಮೇರ್ ನಿಂಗೆ ಗಾಡಿ ವಾಪಸ್ ಕೊಟ್ಟಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ನೀನು ಪೊಲೀಸ್ರಿಗೆ ಸಂಜೆ ಆರಕ್ಕೆ ಸಿಕ್ತು ಅಂದೆ. ಕರಿಸಿದ್ದಪ್ಪನೋರಿಗೆ ಗುದ್ದಿದ್ದು ಮೂರು ಗಂಟೆಗೆ. ಆವಾಗ ಗಾಡಿ ಮೇಲಿದ್ದಿದ್ದು ನೀನೇ."

"ಬಾಯ್ ಮುಚ್ಲಾ."

"ಕೆಳಗಿನ ಆಯಿಲ್ ಬೋಲ್ಟ್ ನೋಡ್ದೆ. ತಲೆ ಜಜ್ಜೋಗೈತೆ, ಕಲ್ಲಿಗೆ ಬಡ್ದು. ಬಿದ್ದ ಏಟಿಗೆ ಆಯಿಲ್ ಎಲ್ಲಾ ಸೋರಿ ಹೋಯ್ತು. ಸಿಕ್ಕಿದ ಆಯಿಲ್ ಸುರ್ಕಂಡೆ. ಆದ್ರೆ ಸುರಿಯೋವಾಗ ಡಬ್ಬ ನೋಡ್ಲಿಲ್ಲ, ಅಲ್ವಾ?"

ಶಿವರಾಜ್ ಹೊಡೆಯಲು ಬರುತ್ತಾನೆ ಅಂದುಕೊಂಡು ತಿಮ್ಮೇಶ ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಬಿದ್ದದ್ದು ಬೈಗುಳ.

"ಆಯಿಲ್ ವಿಷಯ ಎತ್ತಬ್ಯಾಡ ನನ್ನತ್ರ! ನಿನ್ ಫ್ರೆಂಡ್ ಅದೇನ್ ಡಬ್ಬಾ ಆಯಿಲ್ ಹಾಕವ್ನೋ, ಕ್ಲಚ್ಚೇ ನಿಲ್ತಿಲ್ಲ! ಕೋರ್ಟಿಂದ ಗಾಡಿ ಬಿಡಿಸ್ಕಂಡ್ ಬರೋ ದಿನ ಫ್ಲೈಓವರ್ ಹತ್ತುಸ್ತಿದ್ದೆ. ಆಕ್ಸಿಲರೇಟರ್ ತಿರುವಿದ್ರೆ ಇಂಜಿನ್ ಬಾಯ್ ಬಡ್ಕತೈತೆ, ಗಾಡಿ ಮುಂದಕ್ಕೋಗಲ್ಲ. ಕಾಯಿ ತುಂಬಿದ ಲಗೇಜ್ ಆಟೋ ನನ್ನ ಓವರ್‌ಟೇಕ್ ಮಾಡ್ತು ಕಣ್ಲಾ! ನನ್ನ! ಡ್ರೈವರು ಟಾಟಾ ಬೇರೆ ಮಾಡ್ದ!"

ತಿಮ್ಮೇಶ ಕಣ್ಣು ಬಿಟ್ಟ.

ಈ ಸಿಟ್ಟು ನಟನೆಯಲ್ಲ. ನಟನೆಯಾಗಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಜನರಿಗೆ ಫೋನ್ ಮಾಡಿ ನಾಲ್ಕು ದನಿಯಲ್ಲಿ ಯಾಮಾರಿಸುವುದೇ ಅವನ ಹವ್ಯಾಸ. ಲಗೇಜ್ ಆಟೋ ಹಿಂದೆ ಹಾಕಿದ ಅವಮಾನ ಶಿವರಾಜನ ಕಿವಿಯವರೆಗೂ ಕೆಂಪಗೆ ಏರಿತ್ತು.

"ಅಣ್ಣ, ನಿಜ ಹೇಳು. ಆ ಆಯಿಲ್ ಉಮೇರೇ ಹಾಕಿದ್ದು ಅನ್ಕಂಡಿದ್ಯಾ?"

"ಇನ್ಯಾರ್ ಹಾಕ್ತಾರೆ, ನಿಮ್ಮಪ್ಪ?"

"ನೀನ್ ಮುಚ್ಚಳ ತೆಗ್ದು ನೋಡ್ಲಿಲ್ವಾ?"

"ಕೇಸ್ ಮುಗಿಯೋಗಂಟ ಗಾಡಿ ಮುಟ್ಟಬ್ಯಾಡ ಅಂದವ್ರೆ. ಮುಟ್ಟಿಲ್ಲ."

ತಿಮ್ಮೇಶ ಗೋಡೆಗೆ ಒರಗಿಕೊಂಡ. ಸುಡುವ ತಗಡು ಒದ್ದೆ ಬೆನ್ನಿಗೆ ಚುರ್ ಅಂದಿತು. ಆಯಿಲ್ ಬದಲಾದದ್ದೇ ಗೊತ್ತಿಲ್ಲದವನು ಆಯಿಲ್ ಸೋರಿದ ಗಾಡಿಯ ಮೇಲೆ ಇದ್ದಿರಲು ಸಾಧ್ಯವೇ ಇಲ್ಲ. ಒಂಬತ್ತು ದಿನ ತಲೆ ಕೆಡಿಸಿಕೊಂಡು ಹಿಡಿದ ವಿಲನ್, ಈಗ ನೋಡಿದರೆ, ವಿಲನ್ನೇ ಅಲ್ಲ.

"ಬೆರಳು ಕೊಡಣ್ಣ," ಅಂದ.

"ಏನಕ್ಲಾ?"

"ಕೊಡು. ತಿನ್ನಲ್ಲ."

ಮತ್ತೆ ಮುಚ್ಚಳ ತೆಗೆದು, ಅದರ ಕಡ್ಡಿಯಿಂದ ಒಂದು ಹನಿಯನ್ನು ಶಿವರಾಜನ ಹೆಬ್ಬೆರಳಿಗೆ ಬಿಟ್ಟು, ಕೂಡಲೇ ಮುಚ್ಚಿದ. "ಉಜ್ಜು. ಹೆಂಗೈತೆ?"

"ತೆಳ್ಳುಗೈತೆ." ಶಿವರಾಜ್ ಹುಬ್ಬು ಗಂಟಿಕ್ಕಿದ. "ಅಲ್ಲ ಕಣ್ಲಾ, ಬಾಳ ತೆಳ್ಳುಗೈತೆ."

"ಇದು ಬೈಕಿಂದಲ್ಲ. ಕಾರಿಂದು. ಅದೂ ಹೊಸ ಕಾರಿಂದು, ಒಳ್ಳೇ ದುಬಾರಿ ಆಯಿಲ್. ಜನ ಬಂದು ದಿನಾ ನನ್ ತಲೆ ತಿಂತಾರೆ, 'ಬೈಕಿಗೂ ಅದೇ ಕೊಡಿ, ಕಾಸ್ಟ್ಲಿ ಆದ್ರೆ ಒಳ್ಳೇದಲ್ವಾ' ಅಂತ. ಕಾರಿಗೆ ಕ್ಲಚ್ ಬೇರೆ ರೂಮಲ್ಲಿರ್ತದೆ, ಒಣ್ಕಂಡು. ಬೈಕಿನ ಕ್ಲಚ್ಚು ಇಂಜಿನ್ ಆಯಿಲಲ್ಲೇ ಮುಳುಗಿರ್ತದೆ. ಕಾರಿನ ಆಯಿಲ್ಗೆ ಜಾರೋ ಔಷಧಿ ಹಾಕಿರ್ತಾರೆ. ಅದು ಬೈಕಿಗೆ ಬಿದ್ರೆ ಕ್ಲಚ್ ಪ್ಲೇಟ್ ಜಾರ್ತವೆ. ಇಂಜಿನ್ ಕೂಗ್ತದೆ, ಲಗೇಜ್ ಆಟೋ ಟಾಟಾ ಮಾಡ್ತದೆ."

ಶಿವರಾಜ್ ಹೆಬ್ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

"ಉಮೇರ್ ಗ್ಯಾರೇಜಲ್ಲಿ ಕಾರಿನ ಆಯಿಲ್ ಒಂದ್ ತೊಟ್ಟೂ ಇಡಲ್ಲ. ನಿಂಗ್ ಕಾರಿದ್ಯಾ ಅಣ್ಣ?"

"ಇಲ್ಲ."

"ಅಂಗಡೀಲಿ ತಗಂಡಿದ್ರೆ ಅಂಗಡಿಯೋನೇ ಕೇಳ್ತಿದ್ದ, ಯಾವ್ ಗಾಡಿಗೆ ಅಂತ. ಕೇಳೋರಿಲ್ದೆ ಮನೇಲೇ ಇತ್ತು ಈ ಆಯಿಲ್ಲು. ಎಲ್ಲಿಂದ ಬಂತು? ಕಾರ್ ಸರ್ವಿಸ್ ಮಾಡಿದ್ಮೇಲೆ ಕ್ಯಾನಲ್ಲಿ ಉಳಿತದಲ್ಲ, ಮುಕ್ಕಾಲು ಲೀಟ್ರೋ ಒಂದ್ ಲೀಟ್ರೋ? ಮೆಕ್ಯಾನಿಕ್ ಅದನ್ನ ಡಿಕ್ಕೀಲಿಟ್ಟು ವಾಪಸ್ ಕೊಡ್ತಾನೆ, 'ಉಳಿದಿದ್ದು ನಿಮ್ದೇ ಸಾರ್' ಅಂತ. ಯಾರೂ ಬಿಸಾಕಲ್ಲ. ಎಲ್ಲರ ಮನೆ ಸಜ್ಜಾ ಮೇಲೂ ಒಂದಿರ್ತದೆ. ಅಂಥ ಕ್ಯಾನು ಇದು."

ಶಿವರಾಜ್ ಹೆಬ್ಬೆರಳನ್ನು ಲುಂಗಿಗೆ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಗಾಡಿ ಯಾರಿಗ್ ಕೊಟ್ಟಿದ್ದೆ ಅಣ್ಣ ಅವತ್ತು?"

"ಯಾರಿಗೂ ಇಲ್ಲ."

"ಅವತ್ತು ಅವ್ರ ಕಾರು ಸರ್ವಿಸ್‌ಗೆ ಹೋಗಿತ್ತು. ಅದಕ್ಕೇ ನಿನ್ ಬೈಕ್ ಕೇಳಿದ್ರು. ಹೌದೋ ಅಲ್ವೋ?"

ತಿಮ್ಮೇಶ ಇದನ್ನು ಸುಮ್ಮನೆ ಕತ್ತಲಲ್ಲಿ ಕಲ್ಲು ಎಸೆದ ಹಾಗೆ ಎಸೆದದ್ದು. ಕಲ್ಲು ಎಲ್ಲೋ ತಗುಲಿತು. ಶಿವರಾಜ್ ಸೀಟಿನ ಮೇಲೆ ಕುಸಿದು ಕೂತ.

"ಕಾಲು ಮುರಿದೈತೆ, ಅಷ್ಟೇ ಅಂದ್ರು," ಅಂದ ಮೆಲ್ಲಗೆ. "ಆ ಮುದುಕಪ್ಪಂಗೆ. ಹದಿನೈದು ದಿನಕ್ಕೆ ಎದ್ದು ಓಡಾಡ್ತಾನೆ ಅಂದ್ರು."

"ಯಾರಂದ್ರು?"

ಶಿವರಾಜ್ ಮತ್ತೆ ಹೆಬ್ಬೆರಳು ಒರೆಸಿಕೊಳ್ಳತೊಡಗಿದ.

"ನಿನ್ನೆ ಆಸ್ಪತ್ರೆಗೆ ಹೋಗಿದ್ದೆ ಅಣ್ಣ ನಾನು. ಹನ್ನೊಂದು ದಿನ ಆಯ್ತು, ಕಣ್ಣೇ ಬಿಟ್ಟಿಲ್ಲ ಅವ್ರು. ಹೆಂಡ್ತಿ ಕದರಮ್ಮ ಅಂತ, ಐಸಿಯು ಬಾಗ್ಲಲ್ಲೇ ಕೂತವ್ರೆ. ಒಳಿಕ್ಕೆ ಬಿಡಲ್ಲ. ನರ್ಸ್ ಬಾಗ್ಲು ತೆಗ್ದಾಗೆಲ್ಲ, 'ಕದ್ರಿ ಬಂದೀನಿ ಕಣಪ್ಪೋ' ಅಂತ ಹೊರಗಿಂದ್ಲೇ ಕೂಗ್ತಾರೆ. ಕೇಳಿಸ್ಲಿ ಅಂತ."

ಶಿವರಾಜ್ ತಟ್ಟನೆ ಎದ್ದ. ಹೊಡೆಯಲು ಅಲ್ಲ, ಹೊರಗೆ ಹೋಗಲು. ಶಟರಿನ ಹಿಡಿಗೆ ಕೈ ಹಾಕಿ ಎತ್ತಿದ. ಶಟರ್ ಒಂದು ಬೆರಳಿನಷ್ಟು ಎದ್ದು ಗಟ್ ಅಂತ ನಿಂತಿತು.

ಇನ್ನೊಮ್ಮೆ. ಗಟ್.

"ಬೀಗ," ಅಂದ. "ಹೊರಗಿಂದ ಬೀಗ ಹಾಕವ್ರೆ."

ಈಗ ಇಬ್ಬರಿಗೂ ಬುದ್ಧಿ ಬಂತು. ಎರಡೂ ಕಾಲಿನ ಬಿಸಿಲಿಗೆ ಕಾದ ತಗಡು, ಕಿಟಕಿ ಇಲ್ಲ, ಎತ್ತರದಲ್ಲಿ ತಟ್ಟೆಯಗಲದ ಎರಡು ತೂತು. ಇಬ್ಬರೂ ಶಟರ್ ಬಡಿದರು. ಶೆಡ್ಡಿನ ಸುತ್ತ ತೆಂಗಿನ ತೋಟ. ಈ ಬಿಸಿಲಲ್ಲಿ ಅಲ್ಲಿ ಯಾರಿರುತ್ತಾರೆ?

"ನಿನ್ ಫೋನ್ ಎಲ್ಲಣ್ಣ?"

"ಮನೇಲಿ ಚಾರ್ಜಿಗಾಕಿದೀನಿ. ಇಲ್ಲಿಗ್ ಬರೋದಿರ್ಲಿಲ್ಲ. ಕುಣಿಗಲ್ಗೆ ತಂಗಿ ಮನೆಗೆ ಹೊಂಟಿದ್ದೆ, ಬಿಸ್ಲಿಗೆ ತಲೆ ಸುತ್ತು ಬಂತು, ಇಲ್ಲೇ ಮಲಿಕ್ಕಂಡೆ."

ಅಂದರೆ ಇವನು ಇಲ್ಲಿರುವುದು ಯಾರಿಗೂ ಗೊತ್ತಿಲ್ಲ. ಬೀಗ ಹಾಕಿದವರಿಗೂ ಗೊತ್ತಿಲ್ಲ. ಬೀಗ ಹಾಕಿದ್ದು ತಿಮ್ಮೇಶ ಒಬ್ಬನಿಗೆ.

ತಿಮ್ಮೇಶ ಇಲ್ಲಿಗೆ ಬರುವುದು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಉಮೇರನ ತಂಗಿ ಸೈಮಾಗೂ ಅವನು ಹೇಳಿರಲಿಲ್ಲ. ಹೇಳಿದ್ದು ಲಾಯರಿಗೆ. ಒಂದು ರೂಪಾಯಿ ಫೀಸಿಲ್ಲದೆ ಉಮೇರನ ಕೇಸು ಹಿಡಿದ ಪುಣ್ಯಾತ್ಮ ರವಿಕಿರಣ್ ಸಾರ್. ಈ ಬೈಕಿನ ಕ್ಲಚ್ ಜಾರುತ್ತಿದೆ ಅಂತ ಗಿರಾಕಿಯೊಬ್ಬ ಕೌಂಟರಿನಲ್ಲಿ ಹೇಳಿದ್ದನ್ನು ಅವರ ಕಿವಿಗೆ ಹಾಕಿದಾಗ, "ಭೇಷ್! ಎರಡರಿಂದ ಮೂರು ಗಂಟೆ ಒಳಗೆ ಹೋಗು, ಶಿವರಾಜ್ ಕುಣಿಗಲ್ಗೆ ಹೋಗಿರ್ತಾನೆ, ಶೆಡ್ ತೆಗ್ದಿರ್ತದೆ. ನೋಡ್ಕಂಡ್ ಬಂದು ಹೇಳು, ನಾಳೆ ಲ್ಯಾಬ್ ಟೆಸ್ಟಿಗೆ ಅರ್ಜಿ ಹಾಕೋಣ" ಅಂದದ್ದು ಅವರೇ.

"ತಡಿಯಣ್ಣ, ನಮ್ ಲಾಯರ್‌ಗೆ ಮಾಡ್ತೀನಿ," ಅಂದ ತಿಮ್ಮೇಶ. ಸ್ಪೀಕರ್ ಹಾಕಿದ.

ಎರಡನೇ ರಿಂಗಿಗೇ ಎತ್ತಿದರು.

"ಸಾರ್, ತಿಮ್ಮೇಶ. ಶೆಡ್ಡಲ್ಲಿ ಸಿಕ್ಕಾಕ್ಕಂಡಿದೀನಿ ಸಾರ್. ಯಾರೋ ಹೊರಗಿಂದ ಬೀಗ ಜಡ್ದವ್ರೆ."

"ಅಯ್ಯೋ. ಗಾಬ್ರಿ ಆಗ್ಬೇಡ. ನಾನು ತುಮಕೂರಲ್ಲಿ, ಕೋರ್ಟ್ ಆವರಣದಲ್ಲಿದೀನಿ. ಆಯಿಲ್ ಮುಟ್ಟಿದ್ಯಾ?"

"ಮುಟ್ದೆ ಸಾರ್. ಕಾರಿಂದೇ."

"ಕೈಗೆ ಬಟ್ಟೆಗೆ ಆಯಿಲ್ ಆಗಿದ್ಯಾ?"

ಇದೆಂಥ ಪ್ರಶ್ನೆ ಅಂತ ತಿಮ್ಮೇಶ ಯೋಚಿಸುವಷ್ಟರಲ್ಲಿ, ಹೊರಗೆ ರಸ್ತೆಯಲ್ಲಿ ಮೈಕ್ ಕಟ್ಟಿಕೊಂಡ ಆಟೋ ಒಂದು ಬಂತು. ರೆಕಾರ್ಡು ಮಾಡಿದ ಹೆಣ್ಣು ದನಿ ತೋಟವೆಲ್ಲ ಕೇಳುವ ಹಾಗೆ ಕೂಗಿತು.

"ಮಿಕ್ಸಿ ರಿಪೇರಿ, ಕುಕ್ಕರ್ ರಿಪೇರಿ, ಗ್ಯಾಸ್ ಒಲೆ ರಿಪೇರಿ..."

ಶಿವರಾಜ್ ಶಟರಿಗೆ ಗುದ್ದತೊಡಗಿದ. ಮೈಕಿನ ಅಬ್ಬರಕ್ಕೆ ಅವನ ಗುದ್ದು ಲೆಕ್ಕಕ್ಕೇ ಬರಲಿಲ್ಲ. ಆದರೆ ತಿಮ್ಮೇಶ ಕಲ್ಲಾಗಿದ್ದ. ಅದೇ ಹೆಣ್ಣು ದನಿ, ಅರ್ಧ ಸೆಕೆಂಡು ತಡವಾಗಿ, ಅವನ ಕೈಯಲ್ಲಿದ್ದ ಫೋನಿನಿಂದಲೂ ಬರುತ್ತಿತ್ತು.

"...ಕುಕ್ಕರ್ ರಿಪೇರಿ, ಗ್ಯಾಸ್ ಒಲೆ ರಿಪೇರಿ, ನಿಮ್ಮ ಮನೆ ಬಾಗಿಲಿಗೇ ಬಂದಿದೆ..."

"ಸಾರ್," ಅಂದ ತಿಮ್ಮೇಶ. "ತುಮಕೂರು ಕೋರ್ಟಲ್ಲಿ ಕುಕ್ಕರ್ ರಿಪೇರಿ ಮಾಡ್ತಾರಾ ಸಾರ್?"

ಆಟೋ ದೂರವಾಯಿತು. ಆಮೇಲೆ ಲಾಯರ್ ದನಿ ಬದಲಾಗಿ ಬಂತು. ತಣ್ಣಗೆ.

"ಚುರುಕಿದ್ಯ ಕಣೋ. ಅದೇ ನಿಂಗ್ ಮುಳುವಾಗಿದ್ದು. ಈಗ ಪೊಲೀಸ್ರಿಗೆ ಫೋನ್ ಮಾಡ್ತೀನಿ. ಆರೋಪಿ ಫ್ರೆಂಡ್ ಸಾಕ್ಷಿ ನಾಶ ಮಾಡೋಕೆ ಶೆಡ್ಡಿಗೆ ನುಗ್ಗವ್ನೆ, ಕೈಯೆಲ್ಲಾ ಆಯಿಲ್ಲು. ಇನ್ಮೇಲೆ ಆ ಆಯಿಲ್ ಕಾರಿಂದಾದ್ರೇನು, ವಿಮಾನದ್ದಾದ್ರೇನು, ನೀನೇ ಹಾಕ್ದೆ ಅಂತಾರೆ."

ತಿಮ್ಮೇಶನ ಭುಜದ ಹಿಂದಿನಿಂದ ಇನ್ನೊಂದು ದನಿ ಬಂತು.

"ಭಾವಾ?"

ಶಿವರಾಜ್ ಫೋನನ್ನೇ ನೋಡುತ್ತಿದ್ದ.

"ಭಾವ, ನೀವಾ? ನೀವು ಕೋರ್ಟಿಗ್ ಹೋಗಿದೀರ ಅಂತ ಪೂಜಾ ಅಂದ್ಲು. ನೀವ್ ಯಾಕ್ ನನ್ ಶೆಡ್ಡಿಗೆ ಬೀಗ ಹಾಕಿದ್ರಿ?"

"ಶಿವು?" ಫೋನಿನಲ್ಲಿ ಒಂದು, ಶಟರಿನಾಚೆ ಒಂದು, ಎರಡು ಸಲ ಕೇಳಿಸಿತು. "ನೀ... ನೀನು ಒಳಗಿದ್ಯಾ?"

ತಿಮ್ಮೇಶನಿಗೆ ಒಂದೇ ಏಟಿಗೆ ಎಲ್ಲ ಅರ್ಥವಾಯಿತು. ಶಿವರಾಜನ ತಂಗಿಯ ಗಂಡ. ಕುಣಿಗಲ್ಲಿನ ಮನೆ. ಸರ್ವಿಸಿಗೆ ಹೋದ ಕಾರು. ಬಿಟ್ಟಿಯಾಗಿ ಕೇಸು ಹಿಡಿದ ಪುಣ್ಯ. ಉಮೇರನಿಗೆ ತಪ್ಪೊಪ್ಪಿಕೊಂಡುಬಿಡು ಅಂತ ವಾರದಿಂದ ಬುದ್ಧಿ ಹೇಳುತ್ತಿದ್ದದ್ದು.

ಶಿವರಾಜ್ ಫೋನು ಕಿತ್ತುಕೊಳ್ಳಲು ಕೈ ಹಾಕಿದ. ತಿಮ್ಮೇಶ ಬಿಡಲಿಲ್ಲ. ಒದ್ದೆ ಕೈಯಿಂದ ಜಾರಿದ ಫೋನು ನೀರಿನ ತೊಟ್ಟಿಗೆ ಬಿದ್ದು, ತಳದಲ್ಲಿ ಒಂದು ಗಳಿಗೆ ಹೊಳೆದು, ಆರಿತು.

ಇನ್ನು ಉಳಿದದ್ದು ಶಟರಿನ ಕೆಳಗಿನ ಬೆರಳಗಲ ಸಂದು. ಆ ಸಂದಿನ ಬೆಳಕಿನಲ್ಲಿ ಎರಡು ಕಪ್ಪು ಬೂಟು ಬಂದು ನಿಂತವು.

"ಶಿವು, ಕೇಳು," ಅಂದಿತು ಆ ದನಿ. "ಆಗಿದ್ದು ಆಗೋಯ್ತು. ಪೂಜಾ ಏಳು ತಿಂಗಳ ಬಸುರಿ. ನಾನ್ ಒಳಗೋದ್ರೆ ಅವಳ ಗತಿ ಏನು? ಕೆಳಗಿನ ಬೋಲ್ಟ್ ಬಿಚ್ಚಿ ಆಯಿಲ್ ಪೂರ್ತಿ ಚರಂಡಿಗ್ ಬಿಡು. ಇವನೇ ಬಿಚ್ದ ಅಂತ ಹೇಳು. ಆಮೇಲೆ ಬೀಗ ತೆಗಿತೀನಿ."

ಶಿವರಾಜ್ ಅಲ್ಲಾಡಲಿಲ್ಲ.

"ನನ್ ತಂಗಿ," ಅಂದ, ಯಾರಿಗೋ.

"ಅಣ್ಣ, ಬೇಡ ಅಣ್ಣ," ಅಂದ ತಿಮ್ಮೇಶ. ಡೈಲಾಗ್ ಯಾವುದೂ ಬಾಯಿಗೆ ಬರಲಿಲ್ಲ. "ಉಮೇರ್ ಏನೂ ಮಾಡಿಲ್ಲ ಅಣ್ಣ."

ಶಿವರಾಜ್ ಗೋಡೆಯ ಮೊಳೆಗೆ ನೇತು ಹಾಕಿದ್ದ ಸ್ಪ್ಯಾನರ್ ತೆಗೆದುಕೊಂಡ. ಬಂದು ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ತಿಮ್ಮೇಶ ಬೋಲ್ಟಿಗೂ ಸ್ಪ್ಯಾನರಿಗೂ ನಡುವೆ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟ. ಶಿವರಾಜ್ ಅವನನ್ನು ಒಂದು ಕೈಯಲ್ಲಿ ಎತ್ತಿ, ಒದ್ದೆ ಗೋಣಿಚೀಲದ ಹಾಗೆ ಪಕ್ಕಕ್ಕೆ ಇಟ್ಟ.

"ಪೂರ್ತಿ ಇಳಿಯಾಕೆ ಎಷ್ಟೊತ್ತಾಯ್ತದ್ಲಾ?"

"ತಣ್ಣಗಿದ್ರೆ ಅರ್ಧ ಗಂಟೆ. ಇಂಜಿನ್ ಬಿಸಿ ಮಾಡ್ಕಂಡ್ರೆ ಹತ್ತೇ ನಿಮಿಷ."

ಕೌಂಟರಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು, ತಾನಾಗಿ ಹೊರಗೆ ಬಿದ್ದಿತ್ತು. ಊರೆಲ್ಲಾ ಸುಳ್ಳು ಹೇಳಿ ಯಾಮಾರಿಸುವ ತಿಮ್ಮೇಶ, ಸುಳ್ಳು ಬೇಕಾದ ಒಂದೇ ಒಂದು ಗಳಿಗೆಯಲ್ಲಿ ನಿಜ ಹೇಳಿಬಿಟ್ಟಿದ್ದ.

ಶಿವರಾಜ್ ಎದ್ದು ಬೈಕಿನ ಮೇಲೆ ಕೂತು ಸ್ಟಾರ್ಟ್ ಮಾಡಿದ.

ಮುಚ್ಚಿದ ಶೆಡ್ಡಿನಲ್ಲಿ ಆ ಸದ್ದು ತಗಡಿಗೆ ಬಡಿದು ಎದೆಗೇ ಬಂದು ಕೂತಿತು. ಸೈಲೆನ್ಸರಿನ ಹೊಗೆ ನೆಲದ ಮೇಲೆ ಹರಡಿತು.

"ಹಂಗೇ ಮಾಡು ಶಿವು," ಅಂದಿತು ಹೊರಗಿನ ದನಿ. "ಬಿಸಿ ಆದ್ರೆ ಬೇಗ ಇಳಿತದೆ."

ಒಂದು ನಿಮಿಷ. ಎರಡು ನಿಮಿಷ. ತಿಮ್ಮೇಶನ ಕಣ್ಣು ಉರಿಯತೊಡಗಿತು. ಕೆಮ್ಮು ಬಂತು. ಶಿವರಾಜ್ ಇಳಿದ. ಬೋಲ್ಟಿನ ಹತ್ತಿರ ಹೋಗಲಿಲ್ಲ. ಶಟರಿನ ಹತ್ತಿರ ಹೋಗಿ, ಬಗ್ಗಿ, ಸ್ಪ್ಯಾನರನ್ನು ಆ ಸಂದಿನಿಂದ ಹೊರಕ್ಕೆ ತಳ್ಳಿದ. ಅದು ಬೂಟಿನ ಮುಂದೆ ಹೋಗಿ ನಿಂತಿತು.

"ತಗಳಿ ಭಾವ. ಬೀಗ ತೆಗ್ದು ಒಳಿಕ್ ಬಂದು ನೀವೇ ಬಿಚ್ಚಿ. ನಾನ್ ಬಿಚ್ಚಲ್ಲ."

"ಶಿವು, ತಮಾಷೆ ಬೇಡ. ಇಂಜಿನ್ ಆಫ್ ಮಾಡು. ಹೊಗೆ ತುಂಬ್ತದೆ."

"ಗೊತ್ತು."

"ಸಾಯ್ತೀಯ ಕಣೋ!"

"ಬೀಗ ತೆಗೀರಿ. ಆಫ್ ಮಾಡ್ತೀನಿ." ಶಿವರಾಜ್ ವಾಪಸ್ ಹೋಗಿ ಬೈಕಿನ ಮೇಲೆ ಕೂತ. "ಅವತ್ತು ಅಮೃತೂರು ರೋಡಲ್ಲಿ ಒಬ್ಬ ಬಿದ್ದಿದ್ದ. ನೀವ್ ನಿಲ್ಲಿಸ್ಲಿಲ್ಲ. ಇವತ್ತು ಇಬ್ರು ಇದೀವಿ. ನೋಡಣ."

ತಿಮ್ಮೇಶ ಕೀಗೆ ಕೈ ಹಾಕಿದ. ಶಿವರಾಜನ ಮುಷ್ಟಿ ಅವನ ಮಣಿಕಟ್ಟನ್ನು ಹಿಡಿಯಿತು. ಆ ಹಿಡಿತದಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ತಿಮ್ಮೇಶನಿಗೆ ಹೆಚ್ಚು ಭಯವಾಯಿತು.

"ಅಣ್ಣ, ನಂಗೇನಣ್ಣ ಸಂಬಂಧ ನಿಮ್ಮ ಭಾವ-ಭಾಮೈದನ ಜಗಳಕ್ಕೆ!"

"ಸ್ವಲ್ಪ ತಡ್ಕಳ್ಲಾ. ತೆಗಿತಾರೆ. ನಮ್ ಭಾವ ಅವ್ರು."

ಮುಷ್ಟಿ ಸಡಿಲಾದ ಕೂಡಲೇ ತಿಮ್ಮೇಶ ಶಟರಿನತ್ತ ತೆವಳಿದ. ನೆಲಕ್ಕೆ ಕೆನ್ನೆ ಒತ್ತಿ ಆ ಬೆರಳಗಲ ಸಂದಿಗೆ ಮೂಗಿಟ್ಟ. ಬಿಸಿ ಗಾಳಿ, ಧೂಳು, ಬೂಟಿನ ಪಾಲಿಶಿನ ವಾಸನೆ. ಬೂಟುಗಳು ಅಲ್ಲೇ ಇದ್ದವು. ಒಂದರ ಮೂತಿ ಸಣ್ಣಗೆ ನಡುಗುತ್ತಿತ್ತು.

"ಸಾರ್," ಅಂದ. "ಸಾರ್, ತೆಗೀರಿ ಸಾರ್. ನಿಮ್ ಹೆಸ್ರು ಹೇಳಲ್ಲ ಸಾರ್."

ಒಂದು ಕೈ ಕೆಳಗೆ ಬಂತು. ಉಂಗುರವಿದ್ದ ಬೆರಳುಗಳು ಸ್ಪ್ಯಾನರನ್ನು ಎತ್ತಿಕೊಂಡವು. ತಿಮ್ಮೇಶ ಬೀಗದ ಸದ್ದಿಗೆ ಕಿವಿಗೊಟ್ಟ.

ಬೂಟುಗಳು ಹಿಂದಕ್ಕೆ ತಿರುಗಿದವು.

ಒಂದು ಹೆಜ್ಜೆ. ಎರಡು. ಆಮೇಲೆ ಬೇಗ ಬೇಗ. ಕಾರಿನ ಬಾಗಿಲು ಮುಚ್ಚಿತು. ಕಾರು ಹೊರಟಿತು. ಅದರ ಸದ್ದು ಚೇಳೂರಿನ ಕಡೆಗೋ ಗುಬ್ಬಿಯ ಕಡೆಗೋ ತೆಳ್ಳಗಾಗುತ್ತಾ ಹೋಗಿ, ಸಂದಿನಲ್ಲಿ ಬರೀ ಬಿಸಿಲು ಉಳಿಯಿತು.

"ಅಣ್ಣ," ಅಂತ ತಿಮ್ಮೇಶ ಕೆಮ್ಮಿನ ನಡುವೆ ಕೂಗಿದ. "ಹೋದ್ರು ಅಣ್ಣ. ಆಫ್ ಮಾಡು."

ಹೊಗೆಯೊಳಗೆ ಶಿವರಾಜ್ ಕಾಣುತ್ತಿರಲಿಲ್ಲ. ಬೈಕಿನ ಸದ್ದು ನಿಲ್ಲಲಿಲ್ಲ.